ಗಾಜಿನ ಕಡಲಹೂ

ಮರಿಗಳು ಗಾಜಿನ ಬಳಿ ಬಂದು, ಒಂದು ಸುತ್ತು ಹಾಕಿ, ಹೊರಟುಹೋದವು.

ಡಾ. ಐರಿನ್ ಮೆಂಡೋನ್ಸಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಇವಕ್ಕೆ ಎಂತ ಬೇಕಂತೆ ತೇಜಾಕ್ಷಿ? ಬೆಲ್ಲ ನೀರು ಕೊಟ್ಟು ಒಳಗೆ ಕರೀಬೇಕಾ?”

ನಾನು ತೊಟ್ಟಿಯ ನೀರಿನ ಉಷ್ಣತೆ ನೋಡಿದೆ. ಸರಿಯಾಗಿಯೇ ಇತ್ತು. ಎರಡು ವರ್ಷಗಳಿಂದ ನಾನು ಮಾತಿಗೆ ಮಾತು ಸೇರಿಸುವುದು ಕಡಿಮೆ. ಮೇಡಂ ಅದಕ್ಕೆ ಒಗ್ಗಿಕೊಂಡಿದ್ದಾರೆ. ಇಬ್ಬರ ಪಾಲಿನ ಮಾತನ್ನೂ ಅವರೇ ಆಡುತ್ತಾರೆ.

ನಮ್ಮ ಪ್ರಯೋಗಾಲಯ ಇರುವುದು ಸೋಮೇಶ್ವರದ ಕಡಲ ಬಂಡೆಗಳ ಹಿಂದೆ. ಕಡಲು ಬಿಸಿಯಾಗತೊಡಗುವ ಮೊದಲು ಈ ಬಂಡೆಗಳ ಬುಡದಲ್ಲಿ ಸೀ ಅನಿಮೋನ್‌ಗಳಿದ್ದವು. ನಾವು ಕಡಲಹೂ ಎನ್ನುತ್ತೇವೆ. ನೋಡಲು ಹೂವಿನ ಹಾಗಿದ್ದರೂ ಅದು ಪ್ರಾಣಿ. ನಡುವೆ ಬಾಯಿ, ಸುತ್ತ ಮೆತ್ತನೆಯ ಬೆರಳುಗಳು. ಅದರ ಮರಿ ನುಚ್ಚಿನ ಕಾಳಿಗಿಂತ ಚಿಕ್ಕದು. ಹುಟ್ಟಿದ ಮೇಲೆ ಸ್ವಲ್ಪ ದಿನ ನೀರಿನಲ್ಲಿ ತೇಲುತ್ತದೆ. ಅಷ್ಟರೊಳಗೆ ಎಲ್ಲಾದರೂ ಅಂಟಿಕೊಂಡು ಕೂರಬೇಕು. ಕೂರದಿದ್ದರೆ ಸಾಯುತ್ತದೆ.

ಆದರೆ ಸಿಕ್ಕಸಿಕ್ಕಲ್ಲಿ ಕೂರುವುದಿಲ್ಲ. ದೊಡ್ಡದೊಂದು ಕಡಲಹೂ ಈಗಾಗಲೇ ನೆಲೆಸಿದ ಕಡೆ ಮಾತ್ರ ಕೂರುತ್ತದೆ. ಅದನ್ನು ಮರಿ ವಾಸನೆಯಿಂದ ತಿಳಿಯುತ್ತದೆ ಎಂದುಕೊಂಡಿದ್ದೆವು. ವಾಸನೆಯಿಂದಲ್ಲ, ನೀರಿನಿಂದ. ದೊಡ್ಡ ಕಡಲಹೂವಿನ ಬೆರಳುಗಳ ನಡುವೆ ಹಾದುಹೋಗುವ ನೀರು ಸಣ್ಣ ಸಣ್ಣ ಸುಳಿಗಳಾಗುತ್ತದೆ. ಮರಿ ತನ್ನ ಮೈಯ ನವಿರು ಕೂದಲುಗಳಿಂದ ಆ ಸುಳಿಯನ್ನು ಮುಟ್ಟಿ ನೋಡುತ್ತದೆ. ಇದು ಗೊತ್ತಾದ ದಿನ ಮೇಡಂ ಒಂದು ಪ್ರಶ್ನೆ ಕೇಳಿದ್ದರು. ಜೀವವಿರುವ ಕಡಲಹೂವೇ ಇಲ್ಲದ ಬಂಡೆಯ ಮೇಲೆ, ಅದೇ ಆಕಾರದ್ದೊಂದನ್ನು ಮಾಡಿಟ್ಟರೆ?

ಪ್ಲಾಸ್ಟಿಕ್ಕಿನ ಮೇಲೆ ಲೋಳೆ ಕಟ್ಟುತ್ತದೆ. ಲೋಹ ನೀರಿಗೆ ತನ್ನದನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಗಾಜು. ಕಡಲ ಪ್ರಾಣಿಗಳನ್ನು ಗಾಜಿನಲ್ಲಿ ಮಾಡುವುದು ಹೊಸದೇನಲ್ಲ. ಮೆತ್ತನೆಯ ಪ್ರಾಣಿಯನ್ನು ಸ್ಪಿರಿಟ್ಟಿನ ಬಾಟಲಿಯಲ್ಲಿಟ್ಟರೆ ಬಣ್ಣ ಹೋಗಿ, ಆಕಾರ ಕುಸಿದು ಮುದ್ದೆಯಾಗುತ್ತದೆ. ಅದಕ್ಕೇ ಬಹಳ ಹಿಂದೆ ಯುರೋಪಿನಲ್ಲಿ ಒಬ್ಬ ತಂದೆ ಮತ್ತು ಅವನ ಮಗ ಸಂಗ್ರಹಾಲಯಗಳಿಗಾಗಿ ಅವನ್ನು ಗಾಜಿನಲ್ಲಿ ಮಾಡಿಕೊಟ್ಟಿದ್ದರು. ಅವರು ಮಾಡಿದ್ದು ಮನುಷ್ಯರು ನೋಡಲಿ ಎಂದು. ನಮ್ಮ ಗಾಜನ್ನು ನೋಡಬೇಕಾದವು ಮರಿಗಳು.

ನಮಗೆ ಮಾಡಿಕೊಟ್ಟವನು ಚಂದ್ರಹಾಸ. ವಿಶ್ವವಿದ್ಯಾಲಯದ ಗಾಜಿನ ಕಾರ್ಯಾಗಾರದಲ್ಲಿ ಫ್ಲಾಸ್ಕು, ಕೊಳವೆಗಳನ್ನು ಊದುತ್ತಿದ್ದ. ನಾನು ಎಂ.ಎಸ್ಸಿ. ಓದುವಾಗ ಒಡೆದ ಕೊಳವೆ ಹಿಡಿದುಕೊಂಡು ಅವನ ಮುಂದೆ ನಿಂತಿದ್ದೆ. ಮೂರನೆಯ ಸಲ ಹೋದಾಗ, “ನೀವು ಬೇಕಂತ್ಲೇ ಒಡೀತೀರಾ?” ಎಂದು ಕೇಳಿದ. ಮರುವರ್ಷ ನಮ್ಮ ಮದುವೆಯಾಯಿತು.

ಅವನ ಗಾಜುಗಳ ಮೇಲೆ ಮರಿಗಳು ಕೂತವು. ಆಮೇಲೆ ಅವನ್ನು ಬಂಡೆಯ ಬುಡಕ್ಕೆ ಇಳಿಸಿದಾಗ ಅಲ್ಲೂ ಕೂತು, ಬೆಳೆದು, ಗಾಜು ಕಾಣದ ಹಾಗೆ ಮುಚ್ಚಿಕೊಂಡವು. ಮರುಬೇಸಿಗೆ ಕಡಲು ಇನ್ನಷ್ಟು ಬಿಸಿಯಾಯಿತು, ಅವು ಸತ್ತವು. ಮಳೆಗಾಲದ ಅಲೆ ಬರಿದಾದ ಗಾಜನ್ನು ಒಡೆದುಹಾಕಿತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಚಂದ್ರನೂ ಇರಲಿಲ್ಲ. ಹೆದ್ದಾರಿಯ ತಿರುವು, ಬೈಕು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಆ ಬಿಸಿಯನ್ನು ತಡೆದುಕೊಂಡು ಎರಡು ಕಡಲಹೂಗಳು ಉಳಿದವು. ಅವನ್ನು ತೊಟ್ಟಿಗೆ ತಂದು ಸಾಕಿದೆವು. ಬಿಸಿ ತಡೆಯುವ ಗುಣ ಮರಿಗಳಿಗೂ ಬರುತ್ತದೆ ಎಂಬುದೊಂದೇ ಆಸೆ. ತೊಟ್ಟಿಯ ಇಕ್ಕಟ್ಟಿನಲ್ಲಿ ದೊಡ್ಡವು ಮರಿಗಳನ್ನೇ ತಿಂದುಬಿಡುತ್ತವೆ. ಅದಕ್ಕಾಗಿ ಮರಿಗಳನ್ನು ಬೇರೆ ತೊಟ್ಟಿಗೆ ಹಾಕಿ, ಅಲ್ಲಿ ಗಾಜಿನ ಕಡಲಹೂಗಳನ್ನಿಟ್ಟೆವು. ಈ ಗಾಜುಗಳನ್ನು ಮಾಡಿದ್ದು ಯಂತ್ರ. ಜೀವಂತ ಪ್ರಾಣಿಯ ಮೂರು ಆಯಾಮಗಳ ಚಿತ್ರ ತೆಗೆದು, ಅದರಂತೆಯೇ ಗಾಜನ್ನು ಪದರ ಪದರವಾಗಿ ಅಚ್ಚು ಹಾಕುತ್ತದೆ. ಚಂದ್ರ ಮಾಡಿದ್ದರಲ್ಲಿ ಒಂದು ಬೆರಳು ಅತ್ತ, ಒಂದು ಇತ್ತ ಬಾಗಿರುತ್ತಿತ್ತು. ಕೈಕೆಲಸದ ಓರೆಕೋರೆ ಎಂದುಕೊಂಡೆವು. ಯಂತ್ರದ ಗಾಜಿನಲ್ಲಿ ಎಲ್ಲ ಬೆರಳುಗಳೂ ಸೂರ್ಯನ ಕಿರಣಗಳ ಹಾಗೆ ನೇರ.

ಅವುಗಳ ಮೇಲೆ ಕಳೆದ ವರ್ಷ ಒಂದು ಮರಿಯೂ ಕೂರಲಿಲ್ಲ. ಮುಂದಿನ ವರ್ಷ ನೋಡೋಣ ಎಂದೆವು. ಈ ವರ್ಷ ಮರಿ ಬಿಟ್ಟ ಮೇಲೆ ದೊಡ್ಡವೆರಡೂ ಸೊರಗಿ ಸತ್ತವು. ಈಗ ಇರುವುದು ಈ ತೊಟ್ಟಿಯ ಮರಿಗಳು ಮಾತ್ರ. ಅವುಗಳ ಆಯುಷ್ಯ ಒಂದು ವಾರವೂ ಉಳಿದಿರಲಿಲ್ಲ. ಇವು ಕೂರದಿದ್ದರೆ ನಮ್ಮ ಕಡಲಿನ ಕಡಲಹೂ ಮುಗಿಯಿತು.

ಮೇಡಂ ಕನ್ನಡಕ ತೆಗೆದು, ಮೇಜಿನ ಮೇಲಿದ್ದ ಯಂತ್ರದ ಗಾಜೊಂದರ ಬೆರಳಿಗೆ ಅದರ ದಾರವನ್ನು ಸಿಕ್ಕಿಸಿದರು. ದಾರ ಜಾರಿ, ಕನ್ನಡಕ ಟಪ್ಪೆಂದು ನೆಲಕ್ಕೆ ಬಿತ್ತು.

“ಒಂದು ಕನ್ನಡಕ ಹಿಡ್ಕೊಳ್ಳುವ ಯೋಗ್ಯತೆ ಇಲ್ಲ ಇದಕ್ಕೆ!” ಎಂದು ಬೈಯುತ್ತಾ ಬಗ್ಗಿ ಹೆಕ್ಕಿದರು. ಆಮೇಲೆ ಕನ್ನಡಕ ಒರೆಸುತ್ತಾ, ನನ್ನ ಕಡೆ ನೋಡದೆ ಕೇಳಿದರು. “ಚಂದ್ರಹಾಸ ಮಾಡಿದ್ದು ಒಂದೂ ಉಳಿದಿಲ್ಲ, ಅಲ್ವಾ?”

ನಾನು ಉಷ್ಣತೆಯ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡೆ. ಅವರು ಮತ್ತೆ ಕೇಳಲಿಲ್ಲ.

*

ಒಂದು ಉಳಿದಿತ್ತು. ಅವನು ಮೊಟ್ಟಮೊದಲು ಮಾಡಿದ್ದು. ತೊಕ್ಕೊಟ್ಟಿನ ನಮ್ಮ ಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಗೂಡಿನಲ್ಲಿತ್ತು. ಅದರ ಬೆರಳುಗಳಲ್ಲಿ ನನ್ನ ಬಳೆಗಳಿದ್ದವು.

ಚಂದ್ರ ಹೋದ ಮೇಲೆ ಉತ್ತರಕ್ರಿಯೆಯ ದಿನ ಅವನ ದೊಡ್ಡತ್ತೆ ನನ್ನ ಕೈ ಹಿಡಿದು ಅಂಗಳಕ್ಕೆ ಕರೆದರು. ಬಳೆ ಒಡೆಯಲು ಕಲ್ಲು ತಂದಿಟ್ಟಿದ್ದರು. ಚಂದ್ರನ ತಾಯಿ, ನನ್ನ ಅತ್ತೆ, ಅಡುಗೆಮನೆಯಿಂದ ಬಂದರು. ವಾರಿಜಮ್ಮ ಎಂದರೆ ಊರಿನವರಿಗೆ ಶಾಲೆಯ ಬಿಸಿಯೂಟದ ವಾರಿಜಮ್ಮ. ಯಾರಿಗೂ ಎದುರಾಡಿದವರಲ್ಲ.

“ಅಕ್ಕಾ, ಆ ಕಲ್ಲು ಅಲ್ಲೇ ಇಡಿ,” ಎಂದರು. “ನನ್ನ ಮಗ ಜೀವನ ಪೂರ್ತಿ ಗಾಜು ಮಾಡಿದವ. ಅವನ ಹೆಸರಲ್ಲಿ ಗಾಜು ಒಡೆಯುದಾ?”

“ನಿನ್ನದು ಒಡೆದಿಲ್ವಾ ವಾರಿಜಾ?”

“ಒಡೆದಿದ್ದಾರೆ. ನೋಡಿ.” ಅತ್ತೆ ತಮ್ಮ ಮಣಿಕಟ್ಟು ತೋರಿಸಿದರು. ಅಲ್ಲೊಂದು ಬಿಳಿಯ ಗಾಯದ ಗುರುತಿತ್ತು. “ಒಂದು ಸಾಕು ಈ ಮನೆಗೆ.”

ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಕೈಗೆ ಸಾಬೂನು ಹಚ್ಚಿ, ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದರು. ಹಸಿರು, ನಡುನಡುವೆ ಕೆಂಪು. ತೊಳೆದು, ಒರೆಸಿ, ಚಂದ್ರ ಮಾಡಿದ ಕಡಲಹೂವಿನ ಬೆರಳುಗಳಿಗೆ ಹಾಕಿದರು. ಅಂದಿನಿಂದ ಅವು ಅಲ್ಲೇ ಇದ್ದವು. ಅತ್ತೆ ವಾರಕ್ಕೊಮ್ಮೆ ಧೂಳು ಒರೆಸುತ್ತಿದ್ದರು. ನಾನು ಮುಟ್ಟುತ್ತಿರಲಿಲ್ಲ.

ನಾನು ಪ್ರಯೋಗಾಲಯದಿಂದ ಮರಳಿದ ಆ ಸಂಜೆ ಅತ್ತೆ ತಟ್ಟೆ ಇಟ್ಟರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ನಾನು ಅನ್ನವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಾ ಕೂತೆ.

“ಕೂತಿದಾವಾ ಮರಿಗಳು?” ಅತ್ತೆ ಕೇಳಿದರು. ದಿನವೂ ಕೇಳುತ್ತಾರೆ.

“ಇಲ್ಲ.”

“ಅವಕ್ಕೂ ನಿನ್ನದೇ ಬುದ್ಧಿ. ಉಣ್ಣು ತೇಜಾ. ಹೀಗೆ ಹಸಿದ ಮುಖ ಹೊತ್ಕೊಂಡು ಕೂತ್ರೆ ಮನೆಗೆ ಯಾರು ಬರ್ತಾರೆ?”

ನಾನು ಅವರ ಕಣ್ಣು ತಪ್ಪಿಸಲು ಗೂಡಿನ ಕಡೆ ನೋಡಿದೆ. ಬಳೆಗಳು ಎಂದಿನ ಹಾಗೆ ಇದ್ದವು.

ಬೀಳದೆ ಇದ್ದವು.

ಮೇಡಂ ಕನ್ನಡಕ ನೆಲಕ್ಕೆ ಬಿದ್ದ ಸದ್ದು ನೆನಪಾಯಿತು. ಎಂಜಲು ಕೈಯಲ್ಲೇ ಎದ್ದು ಹೋಗಿ ನೋಡಿದೆ. ಚಂದ್ರ ಮಾಡಿದ ಬೆರಳುಗಳು ಹೊರಕ್ಕೆ ಚಾಚಿರಲಿಲ್ಲ. ಒಂದು ಬದಿಯವು ಒಳಕ್ಕೆ, ಬಾಯಿಯ ಕಡೆ, ತುತ್ತು ಹಿಡಿದ ಕೈಯ ಹಾಗೆ ಮಡಚಿಕೊಂಡಿದ್ದವು. ಆ ಮಡಿಕೆಯಲ್ಲಿ ಬಳೆಗಳು ನಿಂತಿದ್ದವು. ಬಾಯಿಯ ಸುತ್ತಲಿನ ತುಟಿ ಸ್ವಲ್ಪ ಉಬ್ಬಿತ್ತು. ಎರಡು ವರ್ಷ ನಾನು ಅದನ್ನು ಬಳೆಗಳ ಗೂಟದಂತೆ ಮಾತ್ರ ನೋಡಿದ್ದೆ. ಕಡಲಹೂವಿನ ಬಗ್ಗೆ ಓದಿದವಳಾಗಿ ಒಮ್ಮೆಯೂ ನೋಡಿರಲಿಲ್ಲ.

“ಅತ್ತೆ, ಆಗ ಚಂದ್ರನ ಬುತ್ತಿಯ ಜೊತೆ ಒಂದು ಹಸಿ ಸಿಗಡಿ ಬೇರೆ ಕಟ್ಟಿ ಕೊಡ್ತಿದ್ರಲ್ಲ. ಯಾಕೆ?”

“ಯಾಕೆ ಅಂದ್ರೆ? ನಿನ್ನ ಕಡಲಹೂವೂ ಊಟದ ಹೊತ್ತಿಗೇ ಅಲ್ಲಿಗೆ ಹೋಗುದಲ್ವಾ? ಇವ ಅದರ ಎದುರು ಕೂತು ತಿನ್ನುದು, ಅದು ನೋಡ್ತಾ ಕೂರುದು. ಚಂದವಾ?”

ಬುತ್ತಿಯ ಕ್ಯಾರಿಯರ್‌ನಲ್ಲಿ ಮೇಲಿನ ಡಬ್ಬಿಗಳಲ್ಲಿ ಅವನ ಊಟ. ಕೆಳಗಿನ ದೊಡ್ಡ ಡಬ್ಬಿಯಲ್ಲಿ ಕಡಲ ನೀರು, ಅದರಲ್ಲೊಂದು ಕಡಲಹೂ. ಚಂದ್ರ ನೋಡಿ ಮಾಡಬೇಕಲ್ಲ, ಅದಕ್ಕೆ ನಾನು ಹಾಗೆ ಒಯ್ಯುತ್ತಿದ್ದೆ. ಬಸ್ಸಿನ ಕುಲುಕಿಗೆ ಅದು ಹೆದರಿ, ಮುದುಡಿ, ನಿಂಬೆಹಣ್ಣಿನಷ್ಟಾಗಿರುತ್ತಿತ್ತು. ಗಾಜಿನ ಬಟ್ಟಲಿಗೆ ಬಿಟ್ಟರೂ ಅರಳುತ್ತಿರಲಿಲ್ಲ. “ಏನು, ಮದುಮಗಳಾ ಇವಳು?” ಎಂದು ಚಂದ್ರ ಕಾಯುತ್ತಿದ್ದ. ನಾನು ಅತ್ತೆ ಕಟ್ಟಿಕೊಟ್ಟ ಸಿಗಡಿಯನ್ನು ಅದರ ಬಾಯಿಯ ಬಳಿ ಹಿಡಿಯುತ್ತಿದ್ದೆ. ಆಗ ಅರಳುತ್ತಿತ್ತು. ತಿನ್ನುತ್ತಿತ್ತು. ತಿಂದು ಕೂತ ಅದನ್ನು ನೋಡುತ್ತಾ ಅವನು ಉರಿ ಹೊತ್ತಿಸುತ್ತಿದ್ದ.

ಅವನು ಮಾಡಿದ ಪ್ರತಿಯೊಂದೂ ಉಂಡು ಕೂತ ಕಡಲಹೂ.

ಯಂತ್ರಕ್ಕೆ ಚಿತ್ರ ತೆಗೆಯುವಾಗ ನಾವು ಪ್ರಾಣಿಯನ್ನು ಎರಡು ದಿನ ಉಪವಾಸ ಇಡುತ್ತೇವೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಚಿತ್ರ ಮಸುಕಾಗುತ್ತದೆ. ಎಲ್ಲ ಪ್ರಯೋಗಾಲಯಗಳಲ್ಲೂ ಹಾಗೆಯೇ. ಹಸಿದ ಕಡಲಹೂ ಬೆರಳುಗಳನ್ನೆಲ್ಲ ಹೊರಕ್ಕೆ ಚಾಚಿ, ಎಷ್ಟು ಸಾಧ್ಯವೋ ಅಷ್ಟು ಅಗಲವಾಗಿ ಕಾಯುತ್ತದೆ. ಚಿತ್ರ ಬಹಳ ಚೆನ್ನಾಗಿ ಬರುತ್ತದೆ. ಮರಿಗೆ ಆ ನೀರು ಹೇಳುವುದು ಒಂದೇ ಮಾತು. ಇಲ್ಲಿ ತಿನ್ನಲು ಏನೂ ಇಲ್ಲ.

ನಾನು ತಟ್ಟೆಯ ಬಳಿ ಹಿಂದಿರುಗಿ ಕೂತು ಊಟ ಮುಗಿಸಿದೆ. ಅತ್ತೆ ಅನುಮಾನದಿಂದ ನೋಡಿದರು. ತಟ್ಟೆ ಬರಿದಾಗುವವರೆಗೆ ನಾನು ಯೋಚಿಸುತ್ತಿದ್ದದ್ದು ಒಂದೇ. ಹೊಸದನ್ನು ಮಾಡಲು ಸಮಯವಿಲ್ಲ. ಇದನ್ನೇ ನೋಡಿ ಅಚ್ಚು ಹಾಕಿಸಿದರೂ, ಆ ಗಾಜು ಒಡೆಯದಂತೆ ನಿಧಾನವಾಗಿ ತಣಿಯುವಷ್ಟರಲ್ಲಿ ಮರಿಗಳು ಇರುವುದಿಲ್ಲ.

“ಅತ್ತೆ, ಇದನ್ನು ತೊಟ್ಟಿಯಲ್ಲಿ ಇಡಬೇಕು.”

ಅವರು ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಹೋದರು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿತು. ಇದ್ದ ಪಾತ್ರೆಗಳು ಅಷ್ಟು ಹೊತ್ತು ತೊಳೆಯುವಷ್ಟಿರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಗೂಡಿನ ಮುಂದೆ ನಿಂತರು.

“ಒಡೀತದಾ?”

“ಇಲ್ಲ ಅತ್ತೆ.”

“ತಿರುಗಿ ಬರ್ತದಾ?”

ಸುಳ್ಳು ಹೇಳಬಹುದಿತ್ತು. “ಮರಿಗಳು ಕೂತ್ರೆ ಬರುದಿಲ್ಲ. ಅವು ಬೆಳೆದು ಪೂರ್ತಿ ಮುಚ್ಚಿಬಿಡ್ತವೆ. ಆಮೇಲೆ ಹಾಗೇ ಕಡಲಿಗೆ ಇಳಿಸ್ತೇವೆ. ಗಾಜು ಇನ್ನು ಕಾಣ್ಲಿಕ್ಕಿಲ್ಲ.”

“ಕೂರದಿದ್ರೆ?”

“ತಿರುಗಿ ಬರ್ತದೆ. ಈಗ ಇದ್ದ ಹಾಗೇ.”

ಅತ್ತೆ ಬೆರಳ ತುದಿಯಿಂದ ಒಂದು ಗಾಜಿನ ಬೆರಳನ್ನು ಮುಟ್ಟಿದರು. ಶಾಲೆಯ ದೊಡ್ಡ ಪಾತ್ರೆಗಳನ್ನು ಎತ್ತಿ ಇಳಿಸಿ ಒರಟಾದ ಕೈ ಅದು. ಮಲಗಿದ ಮಗುವನ್ನು ಮುಟ್ಟುವ ಹಾಗೆ ಮುಟ್ಟಿತು.

“ಹಾಗಾದ್ರೆ ತಿರುಗಿ ಬಾರದೆ ಇರ್ಲಿ,” ಎಂದರು.

ಬಳೆಗಳನ್ನು ಒಂದೊಂದಾಗಿ ತೆಗೆದು ಎಡಗೈಯಲ್ಲಿ ಹಿಡಿದುಕೊಂಡರು. ಗೂಡು ನೋಡಿದರು, ಗೋಡೆಯ ಮೊಳೆ ನೋಡಿದರು, ಕಪಾಟಿನ ಕಡೆ ನೋಡಿದರು.

“ಇನ್ನು ಇವನ್ನು ಎಲ್ಲಿ ಇಡುದು? ಕೈ ಕೊಡು.”

“ಅತ್ತೆ, ದೊಡ್ಡತ್ತೆ ನೋಡಿದ್ರೆ...”

“ನೋಡ್ಲಿ. ಮನೇಲಿ ಇಡ್ಲಿಕ್ಕೆ ಜಾಗ ಇರ್ಲಿಲ್ಲ ಅಂತ ಹೇಳು.”

ಈ ಸಲ ಸಾಬೂನು ಬೇಕಾಗಲಿಲ್ಲ. ನನ್ನ ಕೈ ಸಣ್ಣಗಾಗಿತ್ತು.

*

ಮರುದಿನ ಅತ್ತೆ ಶಾಲೆಗೆ ರಜೆ ಹಾಕಿ ಜೊತೆಗೆ ಬಂದರು. ಗಾಜಿನ ಕಡಲಹೂವನ್ನು ಹಳೆಯ ಸೀರೆಯಲ್ಲಿ ಸುತ್ತಿ, ಸ್ಟೀಲಿನ ಬಾಲ್ದಿಯಲ್ಲಿಟ್ಟು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕೂತರು. ಇನ್ನೊಂದು ಕೈಯಲ್ಲಿ ಬುತ್ತಿಯ ಕ್ಯಾರಿಯರ್.

“ಎಂತ ಅಮ್ಮ, ಅಷ್ಟು ಜಾಗ್ರತೆ? ಮೊಟ್ಟೆಯಾ?” ಕಂಡಕ್ಟರ್ ಕೇಳಿದ.

“ಮೊಟ್ಟೆ ಇಡುವ ಜಾಗ,” ಎಂದರು ಅತ್ತೆ. “ಡ್ರೈವರಿಗೆ ಹೇಳಿ, ಹಂಪಿನಲ್ಲಿ ಹಾರಿಸುದು ಬೇಡ ಅಂತ.”

ಪ್ರಯೋಗಾಲಯದಲ್ಲಿ ಸೀರೆ ಬಿಚ್ಚಿದಾಗ ಮೇಡಂ ಎದ್ದು ನಿಂತರು. ಕಡಲಹೂ ನೋಡಿದರು. ನನ್ನ ಕೈಯ ಬಳೆ ನೋಡಿದರು.

“ನಿಮಗೆ ಗೊತ್ತಿತ್ತಾ ಮೇಡಂ, ಇದು ಇದೆ ಅಂತ?”

“ಅವತ್ತು ಕ್ರಿಯೆಗೆ ನಿಮ್ಮ ಮನೆಗೆ ಬಂದಾಗಲೇ ನೋಡಿದ್ದೆ. ಕೇಳುದು ಹೇಗೆ ಮಾರಾಯ್ತಿ?”

ಸಿಗಡಿಯ ಕಥೆ ಹೇಳಿದೆ. ಎರಡು ವರ್ಷಗಳಲ್ಲಿ ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಮೇಡಂ ಪೂರ್ತಿ ಕೇಳಿ, ತಲೆಯ ಮೇಲೆ ಕೈಯಿಟ್ಟುಕೊಂಡರು. “ಅಂದ್ರೆ ನಾವು ಇಷ್ಟು ದಿನ ಆ ಮರಿಗಳಿಗೆ ತೋರಿಸಿದ್ದು ಬರಗಾಲದ ಮನೆಯಾ?”

ಯಂತ್ರದ ಗಾಜನ್ನು ಹೊರಗೆ ತೆಗೆದು ಚಂದ್ರ ಮಾಡಿದ್ದನ್ನು ತೊಟ್ಟಿಗೆ ಇಳಿಸಿದೆ. ನೀರು ಅದನ್ನು ಮುಚ್ಚಿತು. ಗಾಜು ನೀರೊಳಗೆ ಹೋದರೆ ಅರ್ಧ ಮಾಯವಾಗುತ್ತದೆ. ಅಂಚಿನ ಬೆಳಕು ಮಾತ್ರ ಉಳಿಯುತ್ತದೆ. ಅತ್ತೆ ಸೀರೆಯನ್ನು ಮಡಚಿ ಎದೆಗೆ ಹಿಡಿದುಕೊಂಡು ನಿಂತಿದ್ದರು.

ಸುಳಿ ಕಾಣಿಸಲೆಂದು ಮೇಡಂ ನೀರಿಗೆ ಮಿನುಗುವ ಕಣಗಳನ್ನು ಬಿಟ್ಟು, ಪಕ್ಕದಿಂದ ತೆಳುವಾದ ಬೆಳಕು ಹಾಯಿಸಿದರು. ಯಂತ್ರದ ಗಾಜಿನಲ್ಲಿ ಕಣಗಳು ಬೆರಳಿನುದ್ದಕ್ಕೂ ಸಾಗಿ ಹೊರಕ್ಕೆ ಜಾರಿಹೋಗುತ್ತಿದ್ದವು. ಇಲ್ಲಿ ಅವು ಮಡಚಿದ ಬೆರಳುಗಳ ಒಳಗೆ ತಿರುಗಿ, ಬಾಯಿಯ ಬಳಿ ಸ್ವಲ್ಪ ತಂಗಿ, ಆಮೇಲೆ ಹೊರಟವು.

ಮರಿಗಳು ಬಂದವು. ಸುತ್ತು ಹಾಕಿದವು. ಹೋದವು.

ಮತ್ತೆ ಬಂದವು. ಹೋದವು.

“ಎಲ್ಲಿ? ನಂಗೆ ಎಂತದೂ ಕಾಣುದಿಲ್ಲ,” ಎಂದರು ಅತ್ತೆ. ಪರದೆಯ ಮೇಲೆ ತೋರಿಸಿದೆ. “ಇದಾ? ಇಷ್ಟು ಸಣ್ಣದಕ್ಕೆ ಇಷ್ಟು ಗರ್ವವಾ?”

ಮಧ್ಯಾಹ್ನವಾದರೂ ಒಂದೂ ಕೂರಲಿಲ್ಲ. ಮೇಡಂ ಮಾತು ನಿಲ್ಲಿಸಿದ್ದರು. ಅದೊಂದು ಹೊಸ ಸದ್ದಿನ ಹಾಗಿತ್ತು. ತಪ್ಪು ತಿಳಿದೆನೇನೋ ಎಂದುಕೊಂಡೆ. ತಪ್ಪಾಗಿದ್ದರೆ ಸಂಜೆ ಇದನ್ನು ಮನೆಗೆ ಒಯ್ಯಬಹುದು, ಗೂಡಿನಲ್ಲಿಡಬಹುದು. ಆ ಯೋಚನೆ ನನಗೆ ಸ್ವಲ್ಪವೂ ಸಮಾಧಾನ ಕೊಡಲಿಲ್ಲ. ಕೊಡುತ್ತದೆ ಎಂದುಕೊಂಡಿದ್ದೆ.

“ಕಣ್ಣು ಬಿಟ್ಕೊಂಡು ನೋಡ್ತಾ ಕೂತ್ರೆ ಯಾವ ನೆಂಟನೂ ಒಳಗೆ ಬರ್ಲಿಕ್ಕಿಲ್ಲ,” ಎಂದು ಅತ್ತೆ ಕ್ಯಾರಿಯರ್ ಬಿಚ್ಚಿದರು. “ಡಾಕ್ಟ್ರೇ, ನೀವೂ ಬನ್ನಿ.”

“ಇಲ್ಲಿ ತಿನ್ನಬಾರದು ಅಂತ ನಾನೇ ಬೋರ್ಡು ಹಾಕಿದ್ದೇನೆ ವಾರಿಜಮ್ಮ.”

“ಬೋರ್ಡಿನ ಕಡೆ ಬೆನ್ನು ಹಾಕಿ ಕೂರಿ.”

ಪಕ್ಕದ ಕೋಣೆಯ ಬಾಗಿಲಲ್ಲಿ, ಪರದೆ ಕಾಣುವಷ್ಟು ದೂರದಲ್ಲಿ ಕೂತೆವು. ನೀರುದೋಸೆ, ಸಿಗಡಿ ಸುಕ್ಕ. ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಅದು ಹಸಿವೆಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಎರಡು ದೋಸೆ ತಿಂದು ಮೂರನೆಯದಕ್ಕೆ ಕೈ ಚಾಚಿದೆ. ಅತ್ತೆ ನೋಡಿಯೂ ನೋಡದವರ ಹಾಗೆ ಇನ್ನೊಂದನ್ನು ಮೇಲಿಟ್ಟರು.

ಮೇಡಂ ಜಗಿಯುವುದನ್ನು ನಿಲ್ಲಿಸಿದರು.

ಪರದೆಯ ಮೇಲೆ, ಮಡಚಿದ ಬೆರಳೊಂದರ ಒಳಬದಿಯಲ್ಲಿ ಒಂದು ಚುಕ್ಕೆ ನಿಂತಿತ್ತು. ತಿರುಗುತ್ತಿತ್ತು, ಆದರೆ ನಿಂತಲ್ಲೇ ತಿರುಗುತ್ತಿತ್ತು. ಆಮೇಲೆ ತಲೆಕೆಳಗಾಗಿ, ಗಾಜಿಗೆ ತಾಗಿ, ತಿರುಗುವುದನ್ನು ನಿಲ್ಲಿಸಿತು.

ಯಾರೂ ಏಳಲಿಲ್ಲ. ಇನ್ನೊಂದು ಬಂದು ಅದರ ಪಕ್ಕದಲ್ಲಿ ನಿಂತಿತು.

“ಕೂತಿತಾ?” ಅತ್ತೆ ಪಿಸುಗುಟ್ಟಿದರು.

“ಕೂತಿತು ಅತ್ತೆ.”

ಅವರು ತುಂಬ ಹೊತ್ತು ಪರದೆಯನ್ನೇ ನೋಡಿದರು. ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು, “ಹಾಗಾದ್ರೆ ಬಾಲ್ದಿ ಖಾಲಿ ಒಯ್ಯುದು,” ಎಂದರು.

*

ಮಳೆಗಾಲ ಮುಗಿಯುವ ಹೊತ್ತಿಗೆ ಮರಿಗಳಿಗೆ ಬೆರಳು ಮೂಡಿದ್ದವು. ಗಾಜು ಬಹುತೇಕ ಮುಚ್ಚಿಹೋಗಿತ್ತು. ಒಂದು ಬೆರಳಿನ ತುದಿ ಮಾತ್ರ ಬರಿದಾಗಿ, ಬೆಳಕು ಬಿದ್ದಾಗ ಹೊಳೆಯುತ್ತಿತ್ತು. ಕಡಲಿಗೆ ಇಳಿಸುವ ಜಾಗ ನೋಡಿಯಾಗಿತ್ತು. ಬಂಡೆಗಳಿಂದ ಸ್ವಲ್ಪ ಆಚೆ, ನೀರು ತಣ್ಣಗಿರುವ ಆಳ. ಇವು ದೊಡ್ಡವಾದಾಗ ಯಂತ್ರಕ್ಕೆ ಹೊಸ ಚಿತ್ರ ತೆಗೆಯುತ್ತೇವೆ. ಈ ಸಲ ಊಟ ಹಾಕಿದ ಮೇಲೆ. ಚಿತ್ರ ಮಸುಕಾದರೆ ಆಗಲಿ ಎಂದಿದ್ದಾರೆ ಮೇಡಂ.

ಇಳಿಸುವ ಹಿಂದಿನ ದಿನ ಅವಕ್ಕೆ ತಿನ್ನಿಸಲು ನಿಂತೆ. ಅತ್ತೆ ಕಟ್ಟಿಕೊಟ್ಟ ಸಿಗಡಿಯನ್ನು ನುಣ್ಣಗೆ ಅರೆದು, ಕೊಳವೆಯಲ್ಲಿ ತುಂಬಿ, ಕೈಯನ್ನು ನೀರಿಗಿಳಿಸಿದೆ. ಬಳೆಗಳು ತೊಟ್ಟಿಯ ಗಾಜಿಗೆ ತಾಗಿ ಸದ್ದಾಯಿತು.

ಮರಿಗಳೆಲ್ಲ ಒಮ್ಮೆಲೇ ಮುದುಡಿದವು.

ನಾನು ಕೈ ಅಲ್ಲಾಡಿಸದೆ ನಿಂತೆ. ನೀರು ತಣ್ಣಗಿತ್ತು. ಮಣಿಕಟ್ಟಿನ ಸುತ್ತ ಹಸಿರು, ನಡುನಡುವೆ ಕೆಂಪು, ನೀರೊಳಗೆ ಅರ್ಧ ಮಾಯವಾಗಿ ಕಾಣುತ್ತಿತ್ತು.

ಸ್ವಲ್ಪ ಹೊತ್ತಿಗೆ ಒಂದು ಅರಳಿತು. ಆಮೇಲೆ ಅದರ ಪಕ್ಕದ್ದು.